ಬಾಗಿಲವಾಡದ ಬಲಗಡೆ

ಮೊನ್ನೆ ಅಡುಗೆಮನೆಯ ಮೂರನೇ ಡ್ರಾಯರನ್ನು ಚೊಕ್ಕ ಮಾಡೋಣವೆಂದು ನೆಲದ ಮೇಲೆ ಬೋರಲು ಹಾಕಿದೆ. ಮೂರನೇ ಡ್ರಾಯರ್ ಅಂದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯದರಲ್ಲಿ ಚಮಚ, ಎರಡನೆಯದರಲ್ಲಿ ಸೌಟು ಲಟ್ಟಣಿಗೆ, ಮೂರನೆಯದು ದಿಕ್ಕಿಲ್ಲದವುಗಳ ಛತ್ರ. ಯಾವ ಬೀಗಕ್ಕೂ ಕೂಡದ ಕೀಲಿ, ಅರ್ಧ ಉರಿದ ಮೇಣದಬತ್ತಿ, ಅವಧಿ ಮುಗಿದ ಬಸ್ ಕಾರ್ಡು, ಊರಿಂದ ಬಂದ ಉಪ್ಪಿನಕಾಯಿ ಡಬ್ಬಿಗೆ ಸುತ್ತಿದ್ದ ರಬ್ಬರ್ ಬ್ಯಾಂಡು. ಇವೆಲ್ಲದರ ಅಡಿಯಿಂದ ಒಂದು ಹಳೇ ಟೂತ್‌ಬ್ರಷ್ ಹೊರಬಿತ್ತು. ಅದರ ಎಳೆಗಳೆಲ್ಲ ಇಟ್ಟಿಗೆಯ ಕೆಂಪು.

ನನ್ನ ಮಗಳು ಅನಘಾ, ಹನ್ನೆರಡು ವರ್ಷದವಳು, ಅದನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ, "ಅಮ್ಮ, ದಿಸ್ ಈಸ್ ಎವಿಡೆನ್ಸ್" ಎಂದಳು. ಎಸೆಯಲು ಹೋದವಳನ್ನು ತಡೆದೆ. ಯಾಕೆ ತಡೆದೆ ಅಂದರೆ ನನಗೂ ಗೊತ್ತಿಲ್ಲ. ಈ ಪ್ರಬಂಧದಲ್ಲಿ 'ಗೊತ್ತಿಲ್ಲ' ಎಂಬ ಮಾತು ಇನ್ನೂ ಬಹಳ ಸಲ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ತಿಳಿದವರು ಬರೆದದ್ದು ಬೇಕಾದವರು ಪುಟ ತಿರುವಿದರೆ ನನಗೆ ಬೇಸರವಿಲ್ಲ.

ನಾವಿರುವುದು ಸ್ಟಾಕ್‌ಹೋಮಿನ ಗಾಮ್ಲಾ ಸ್ತಾನ್‌ನಲ್ಲಿ. ಹೆಸರೇ ಹೇಳುವಂತೆ ಇದು ಹಳೇ ಊರು. ಓಣಿಗಳು ಎಷ್ಟು ಕಿರಿದೆಂದರೆ ಎದುರಿನಿಂದ ಯಾರಾದರೂ ಸೂಟ್‌ಕೇಸ್ ಎಳೆದುಕೊಂಡು ಬಂದರೆ ನೀವು ಗೋಡೆಗೆ ಹಲ್ಲಿಯ ಹಾಗೆ ಅಂಟಿ ನಿಂತು ದಾರಿ ಬಿಡಬೇಕು. ಮೊದಲು ನಾವು ಗೊಟೆನ್‌ಬರ್ಗಿನಲ್ಲಿದ್ದೆವು. ನಮ್ಮವರ ಆಫೀಸು ಲಿಂಡ್‌ಹೋಲ್ಮೆನ್‌ನಲ್ಲಿ, ಕಾರಿನೊಳಗಿನ ಸಾಫ್ಟ್‌ವೇರು. ಆಮೇಲೆ ನನಗೆ ಇಲ್ಲಿ, ಆಸ್ಪತ್ರೆಗಳು ಬಳಸುವ ತಂತ್ರಾಂಶವನ್ನು ಪರೀಕ್ಷಿಸುವ ಕೆಲಸ ಸಿಕ್ಕಿತು. ಬೇರೆಯವರ ತಪ್ಪು ಹುಡುಕುವುದೇ ನನ್ನ ಜೀವನೋಪಾಯ ಎಂಬುದನ್ನೂ ನೆನಪಿಟ್ಟುಕೊಳ್ಳಿ, ಮುಂದೆ ನಗಲು ಬೇಕಾಗುತ್ತದೆ. ಈ ಮನೆಯ ಒಡತಿ ದೂರದ ಉತ್ತರದ ಊರು ಲುಲೆಯೊಗೆ ಪಾಠ ಹೇಳಲು ಹೋದದ್ದರಿಂದ ಮೂರು ವರ್ಷದ ಮಟ್ಟಿಗೆ ನಮಗೆ ಬಾಡಿಗೆಗೆ ಬಂತು.

ಮನೆಯೋ, ಮಧ್ಯಯುಗದ ಕಲ್ಲುಮನೆ. ಗೋಡೆಯ ದಪ್ಪ ಎರಡು ಮೊಳಕ್ಕೆ ಒಂದು ಗೇಣು ಜಾಸ್ತಿ. ಮೊಳೆ ಇಳಿಯುವುದಿಲ್ಲ, ವೈಫೈ ದಾಟುವುದಿಲ್ಲ. ಫೋನಿನಲ್ಲಿ ಮಾತಾಡಬೇಕಾದರೆ ಕಿಟಕಿಯ ಗೂಡಿನೊಳಗೆ ಹತ್ತಿ ಕೂರಬೇಕು. ಕಮಾನಿನ ನೆಲಮಾಳಿಗೆಯಲ್ಲಿ ಒಂದು ಕಾಲಕ್ಕೆ ಯಾರೋ ಜರ್ಮನ್ ವರ್ತಕ ಒಣಮೀನು, ಉಪ್ಪು ಪೇರಿಸಿಡುತ್ತಿದ್ದನಂತೆ. ದಿನಾ ಹತ್ತು ಗಂಟೆಗೆ ಒಬ್ಬ ಗೈಡು ಪ್ರವಾಸಿಗರ ಹಿಂಡನ್ನು ತಂದು ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ ನಿಲ್ಲಿಸಿ ಇದನ್ನೆಲ್ಲ ಹೇಳುತ್ತಾನೆ. ಮನೆಯಿಂದಲೇ ಕೆಲಸ ಮಾಡುವ ದಿನ ಅದೇ ಹೊತ್ತಿಗೆ ನಾನು ಒಗ್ಗರಣೆ ಹಾಕಿರುತ್ತೇನೆ. ಅವರು ಮೂಗೆತ್ತಿ ಕಿಟಕಿ ನೋಡುತ್ತಾರೆ. ಮಧ್ಯಯುಗದ ವಾಸನೆ ಇಂಗಿನದು ಎಂದು ಎಷ್ಟು ದೇಶಗಳಿಗೆ ಸುದ್ದಿ ಹೋಗಿದೆಯೋ ಗೊತ್ತಿಲ್ಲ.

ನಮ್ಮವರು ಹುಬ್ಬಳ್ಳಿಯವರು. ನಾಲ್ಕು ಜನ ಕನ್ನಡದವರ ನಡುವೆ ಬೆಂಗಳೂರಿನ ಮಾತನ್ನೇ ಆಡುತ್ತಾರೆ. ಸಿಟ್ಟು ಬಂದಾಗಲೂ ಖುಷಿಯಾದಾಗಲೂ ಮಾತ್ರ ಹುಬ್ಬಳ್ಳಿ ಹೊರಬೀಳುತ್ತದೆ. ಮನೆ ನೋಡಲು ಬಂದ ದಿನ, "ಚಿತ್ರದುರ್ಗದಾಕಿಗೆ ಕಲ್ಲು ಬಿಟ್ರ ನಿದ್ದಿ ಎಲ್ಲಿ ಬರಬೇಕು" ಎಂದು ನಕ್ಕಿದ್ದರು.

ದುರ್ಗದಲ್ಲಿ ನಾನು ಬೆಳೆದದ್ದು ಅಜ್ಜಿ ಮತ್ತು ಅಜ್ಜಿಯ ನಾದಿನಿ ಪುಟ್ಟಜ್ಜಿಯ ಜೊತೆ. ಅಪ್ಪ ಅಮ್ಮ ಇಬ್ಬರೂ ಬೇರೆ ಊರಿನಲ್ಲಿ ಮೇಷ್ಟ್ರುಗಳು. ಹಾಗಾಗಿ ನನ್ನ ಬಾಯಿಗೆ ಬಂದ ಕನ್ನಡ ಎಪ್ಪತ್ತು ದಾಟಿದವರ ಕನ್ನಡ. ಮೊದಲನೇ ಕ್ಲಾಸಿನಲ್ಲಿ ಪುಸ್ತಕ ಎಲ್ಲಿ ಎಂದು ಕೇಳಿದ ಮೇಷ್ಟ್ರಿಗೆ, "ಹಾಳು ಮರೆವು ಕಣಪ್ಪ, ಮನೇಲೇ ಬಿಟ್ಟು ಬಂದೆ" ಎಂದು ಸೊಂಟದ ಮೇಲೆ ಕೈಯಿಟ್ಟು ಹೇಳಿದೆನಂತೆ. ಮೇಷ್ಟ್ರು ಹೊಡೆಯಲಿಲ್ಲ. ಎದ್ದು ನಿಂತರಂತೆ.

ಆ ಇಬ್ಬರು ಅಜ್ಜಿಯಂದಿರಿಗೆ ಯಾವೊಂದರಲ್ಲೂ ಒಮ್ಮತವಿರಲಿಲ್ಲ. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಮೂವತ್ತು ವರ್ಷ ಜಗಳವಾಡಿದರು. ಆದರೆ ಶುಕ್ರವಾರ ಹೊಸ್ತಿಲಿಗೆ ಅರಿಶಿನ ಹಚ್ಚುವ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಹಚ್ಚದ ಹೊಸ್ತಿಲನ್ನು ಪುಟ್ಟಜ್ಜಿ 'ಬೋಳು ಬಾಗಿಲು' ಎನ್ನುತ್ತಿದ್ದರು. ಹಾಗೆನ್ನುವಾಗ ಆಕೆಯ ಮುಖ ನೋಡಿದವರಿಗೆ ಆ ಮನೆಯೊಳಗೆ ಯಾರೋ ಹಸಿದು ಮಲಗಿದ್ದಾರೆ ಅನಿಸಬೇಕು.

ಇಲ್ಲಿಗೆ ಬಂದಮೇಲೆ ನನಗೆ ಅದೇ ಕೊರತೆ. ನಮ್ಮದು ನೆಲಮಹಡಿ, ಬಾಗಿಲು ನೇರ ಒಳಗಿನ ಅಂಗಳಕ್ಕೆ ತೆರೆಯುತ್ತದೆ. ಹೊಸ್ತಿಲೆಂದರೆ ಒಂದು ಕಬ್ಬಿಣದ ಪಟ್ಟಿ. ಅದರ ಮೇಲೆ ಆರು ತಿಂಗಳು ಹಿಮದ ಕೆಸರು, ಇನ್ನಾರು ತಿಂಗಳು ಸೈಕಲ್ಲಿನ ಚಕ್ರ. ಅಲ್ಲಿ ಏನು ಹಚ್ಚುವುದು? ಹೀಗಿರುವಾಗ ಒಂದು ದಿನ ಬಾಗಿಲವಾಡದ ಬಲಗಡೆಯ ಕಲ್ಲುಕಂಬದಲ್ಲಿ, ನನ್ನ ಭುಜದೆತ್ತರಕ್ಕೆ, ಒಂದು ಗೀರುಗೂಡು ಕಣ್ಣಿಗೆ ಬಿತ್ತು. ಬೆರಳುದ್ದ, ಬೆರಳಗಲ, ಸ್ವಲ್ಪ ಓರೆ. ಯಾರೋ ನಿಧಾನವಾಗಿ, ಮನಸ್ಸಿಟ್ಟು ಕೆತ್ತಿದ್ದು. ನಮ್ಮ ಕಡೆ ದೀಪಕ್ಕೋ ವಿಭೂತಿಗೋ ಗೋಡೆಯಲ್ಲಿ ಗೂಡು ಬಿಡುವುದಿಲ್ಲವೇ? ನನ್ನ ಬೆರಳು ತಾನಾಗಿ ಅದರೊಳಗೆ ಹೋಯಿತು. ಹೇಳಿ ಮಾಡಿಸಿದಂತಿತ್ತು. ಅಲ್ಲಿಂದ ಪ್ರತಿ ಶುಕ್ರವಾರ ಸ್ನಾನ ಮಾಡಿ, ಅರಿಶಿನ ಕಲೆಸಿ ಆ ಗೂಡಿಗೆ ತುಂಬಿ, ನಡುವೆ ಒಂದು ಕುಂಕುಮದ ಬೊಟ್ಟಿಟ್ಟು, ಆಮೇಲೆ ಆಫೀಸಿಗೆ ಓಡುತ್ತಿದ್ದೆ.

ನಮ್ಮವರು ನೋಡಿ, "ಯಾರ ದೇವರು ಅದು?" ಎಂದರು. ಗೊತ್ತಿಲ್ಲ, ಬಾಗಿಲಿನದು ಎಂದೆ.

ಏಳು ತಿಂಗಳು ಹೀಗೇ ನಡೆಯಿತು. ಯಾರೂ ಕೇಳಲಿಲ್ಲ. ಅಂಗಳ ಕತ್ತಲು, ನಾಲ್ಕೂ ಕಡೆ ಐದು ಮಹಡಿಯ ಮನೆಗಳು. ಆ ಗೂಡಿನ ಹಳದಿಯನ್ನು ಕಂಡ ಒಬ್ಬಿಬ್ಬರು ಪೈನ್ ಮರದ ಪರಾಗ ಎಂದುಕೊಂಡಿದ್ದರೆಂದು ಆಮೇಲೆ ತಿಳಿಯಿತು. ಈ ದೇಶದಲ್ಲಿ ವಸಂತ ಬಂದರೆ ಕಾರು, ಕಿಟಕಿ, ನೀರು ಎಲ್ಲದರ ಮೇಲೂ ಹಳದಿ ಪುಡಿ ಕೂರುತ್ತದೆ.

ಸೆಪ್ಟೆಂಬರಿನಲ್ಲಿ ಸ್ತೇಡ್‌ದಾಗ್ ಬಂತು. ಕಟ್ಟಡದ ಎಲ್ಲ ನಿವಾಸಿಗಳೂ ಸೇರಿ ಅಂಗಳ ಗುಡಿಸಿ, ಎಲೆ ತುಂಬಿ, ಕೊನೆಗೆ ಒಟ್ಟಿಗೆ ಕೂತು ಕಾಫಿ ಕುಡಿಯುವ ದಿನ. ನಮ್ಮ ಮನೆ ಸಂಘದ ಅಧ್ಯಕ್ಷರು ಲೆನ್ನಾರ್ಟ್, ದ್ವೀಪಗಳಿಗೆ ಹೋಗುವ ದೋಣಿಯ ಕ್ಯಾಪ್ಟನ್ ಆಗಿದ್ದು ನಿವೃತ್ತರಾದವರು. ಇಲ್ಲಿ ಎಲ್ಲರೂ ಎಲ್ಲರಿಗೂ 'ನೀನು' ಎನ್ನುತ್ತಾರೆ. ಎಪ್ಪತ್ತೈದರ ಮನುಷ್ಯನಿಗೆ ನೀನು ಎನ್ನಲು ಅಜ್ಜಿಯರು ಬೆಳೆಸಿದ ಈ ನಾಲಿಗೆ ಹೊರಳುವುದಿಲ್ಲ. ಅದಕ್ಕೇ ಸ್ವೀಡಿಶ್‌ನಲ್ಲಿ ಅವರೊಡನೆ ಮಾತಾಡುವಾಗಲೆಲ್ಲ ನಾನು ಸರ್ವನಾಮವನ್ನೇ ನುಂಗಿಬಿಡುತ್ತೇನೆ. ಅವರು ನನ್ನ ಸ್ವೀಡಿಶ್ ಹಾಗೇ ಎಂದುಕೊಂಡಿದ್ದಾರೆ.

ಕಾಫಿ ಕುಡಿಯುತ್ತ ಲೆನ್ನಾರ್ಟ್ ನಮ್ಮ ಬಾಗಿಲಿನತ್ತ ಕೈ ತೋರಿಸಿ ಹೇಳಿದ್ದು ಇಷ್ಟು. ವರ್ತಕನ ಕಾಲವಾಗಿ ಎಷ್ಟೋ ತಲೆಮಾರಿನ ಮೇಲೆ ಈ ಮನೆಯಲ್ಲಿ ಒಂದು ಯಹೂದಿ ಕುಟುಂಬವಿತ್ತು, ಗುಂಡಿ ಮತ್ತು ಲೇಸು ಮಾರುವವರು, ಸಮುದ್ರದಾಚೆಯಿಂದ ಬಂದವರು. ಅವರ ಪದ್ಧತಿಯಲ್ಲಿ ಬಾಗಿಲಿನ ಬಲಗಂಬಕ್ಕೆ ಪ್ರಾರ್ಥನೆಯ ಸಾಲು ಬರೆದ ಚರ್ಮದ ಸುರುಳಿಯನ್ನು ಇಡುತ್ತಾರೆ. ಆ ಗೀರುಗೂಡು ಅದರದು. ಸುರುಳಿ ಯಾವತ್ತೋ ಹೋಗಿದೆ, ಗೂಡು ಉಳಿದಿದೆ. ಆ ಕುಟುಂಬದ ಕುಡಿ ರೂತ್ ಎಂಬ ಎಂಬತ್ನಾಲ್ಕರ ಹೆಂಗಸು ವರ್ಷಕ್ಕೊಮ್ಮೆ, ಅವರ ಹೊಸ ವರ್ಷಕ್ಕೆ ಮುಂಚೆ, ಬಂದು ಅದನ್ನು ಮುಟ್ಟಿ ಹೋಗುತ್ತಾರೆ. ಸಮುದ್ರದಾಚೆ ಉಳಿದ ಅವರ ಕಡೆಯವರ ಮನೆಗಳ ಬಾಗಿಲುಗಳು ಒಂದೂ ಇಲ್ಲ. ಮಹಾಯುದ್ಧದ ಕಾಲದ ನರಮೇಧದಲ್ಲಿ ಜನರೂ ಹೋದರು. ಉಳಿದಿರುವುದು ಇದೊಂದೇ. "ಮುಂದಿನ ಭಾನುವಾರ ಬರುತ್ತಾರೆ" ಎಂದರು.

ಒಬ್ಬರ ಮನೆತನದಲ್ಲಿ ಉಳಿದ ಒಂದೇ ಗುರುತಿಗೆ ನಾನು ಏಳು ತಿಂಗಳು ಅರಿಶಿನ ಮೆತ್ತಿದ್ದೆ.

ಆಗಲೇ ಬಾಯಿ ಬಿಟ್ಟು ಹೇಳಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಸದ್ದಿಲ್ಲದೆ ತೊಳೆದುಬಿಟ್ಟರಾಯಿತು ಎಂದುಕೊಂಡೆ. ಬುಧವಾರ ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋದಮೇಲೆ ಒಂದು ಬಟ್ಟಲು ಬಿಸಿನೀರು, ಹಳೇ ಟೂತ್‌ಬ್ರಷ್ಷು ಹಿಡಿದು ಹೊರಗೆ ಬಂದೆ. ಜೊತೆಗೆ ಇಲ್ಲಿಯವರು ನೆಲಕ್ಕೆ ಮೇಜಿಗೆ ಎಲ್ಲಕ್ಕೂ ಬಳಸುವ ಪೈನ್ ಎಣ್ಣೆಯ ಮೆತ್ತನೆ ಸಾಬೂನು. ಮನಸಾರೆ ಉಜ್ಜಿದೆ.

ನಗುತ್ತಿದ್ದೀರಿ, ಗೊತ್ತು. ಅರಿಶಿನಕ್ಕೆ ಸಾಬೂನು ಬಿದ್ದರೆ ಏನಾಗುತ್ತದೆಂದು ನಮ್ಮ ಕಡೆ ಅಂಬೆಗಾಲಿಡುವ ಕೂಸಿಗೂ ಗೊತ್ತು. ಅರಿಶಿನಕ್ಕೆ ಚಿಟಿಕೆ ಸುಣ್ಣ ಹಾಕಿ ಆರತಿಯ ಕೆಂಪು ನೀರು ಮಾಡುವ ಕೆಲಸ ದುರ್ಗದ ಮನೆಯಲ್ಲಿ ನನ್ನದೇ ಆಗಿತ್ತು. ಊರ ಮದುಮಕ್ಕಳಿಗೆಲ್ಲ ಓಕುಳಿ ಕಲೆಸಿಕೊಟ್ಟವಳು ನಾನು. ಆದರೂ ಆ ಕ್ಷಣ ತಲೆಯಲ್ಲಿ ಅದೊಂದೂ ಬರಲಿಲ್ಲ. ಹಳದಿ ಗೂಡು ಕಣ್ಣೆದುರೇ ಕೆಂಪಾಯಿತು, ಕೆಂಪು ನೊರೆ ಹಾಲುಬಣ್ಣದ ಸುಣ್ಣಕಲ್ಲಿನ ಮೇಲೆ ನಾಲ್ಕು ಧಾರೆಯಾಗಿ ಇಳಿಯಿತು. ನೀರು ಹೊಯ್ದೆ, ಇನ್ನೂ ಹರಡಿತು. ಒಂಬತ್ತು ಗಂಟೆಗೆ ಆಫೀಸಿನಲ್ಲಿ ಮೀಟಿಂಗು. ಒಣಗಿದರೆ ಹೋಗಬಹುದು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು, ಬ್ರಷ್ಷನ್ನು ಒಳಗೆಸೆದು ಹೊರಟುಬಿಟ್ಟೆ.

ಸಂಜೆ ಬರುವಷ್ಟರಲ್ಲಿ ಅಂಗಳದ ಬಾಗಿಲಿಗೆ ಒಂದು ಕಾಗದ ಅಂಟಿತ್ತು. ಫೋನು ಹಿಡಿದು ಮೂರು ಸಲ ಭಾಷಾಂತರಿಸಿದೆ, ಮೂರು ಸಲವೂ ಅದೇ ಬಂತು. ನಮ್ಮ ಮನೆಯ ಹಳೇ ಯಹೂದಿ ಗುರುತಿಗೆ ಯಾರೋ ರಕ್ತದ ಬಣ್ಣ ಬಳಿದಿದ್ದಾರೆ, ಪೊಲೀಸರಿಗೆ ದೂರು ಕೊಡಲಾಗುವುದು, ಏನಾದರೂ ಕಂಡವರು ಲೆನ್ನಾರ್ಟ್‌ಗೆ ತಿಳಿಸಿ.

ನನಗೆ ಕಂಡದ್ದು ಬಹಳವಿತ್ತು.

ಮೆಟ್ಟಿಲ ಬಳಿ ಮೇಲಿನ ಮಹಡಿಯ ಹೆಂಗಸು ಸಿಕ್ಕಳು. ಕಣ್ಣು ಕೆಂಪಾಗಿತ್ತು. ಇಂಥ ಜನ ನಮ್ಮ ನಡುವೆಯೇ ಓಡಾಡುತ್ತಿದ್ದಾರಲ್ಲ ಎಂದಳು. ನಾನು, ಹೌದು, ಅಸಹ್ಯ ಎಂದೆ. ಆಣೆ, ಹಾಗೇ ಎಂದೆ. ಅವಳು ನನ್ನ ತೋಳು ಹಿಡಿದು, ನೀನೂ ಹೊರಗಿನಿಂದ ಬಂದವಳು, ನಿನ್ನ ಬಾಗಿಲಲ್ಲೇ ಹೀಗಾಗಿದೆ, ಹುಷಾರು, ಹೆದರಿಕೆಯಾದರೆ ಯಾವ ಹೊತ್ತಿಗಾದರೂ ನಮ್ಮ ಮನೆ ಬಾಗಿಲು ತಟ್ಟು ಎಂದಳು. ಅರ್ಧ ಗಂಟೆಯಲ್ಲಿ ಏಲಕ್ಕಿ ಬನ್ನುಗಳನ್ನು ತಂದುಕೊಟ್ಟಳು. ಅಪರಾಧಿಗೆ ಸಮಾಧಾನದ ಬನ್ನು ಕೊಡುವ ದೇಶ ಬೇರೆಲ್ಲಾದರೂ ಇದೆಯೋ ಗೊತ್ತಿಲ್ಲ. ರೂತ್ ಅವರಿಗೆ ಲೆನ್ನಾರ್ಟ್ ಫೋನು ಮಾಡಿಯಾಗಿದೆ, ಭಾನುವಾರ ಬರುವುದಿಲ್ಲವಂತೆ, ಇನ್ನು ಮುಂದೆಯೂ ಬರುತ್ತಾರೋ ಇಲ್ಲವೋ ಎಂದೂ ಅವಳೇ ಹೇಳಿ ಹೋದಳು.

ನಮ್ಮವರಿಗೆ ಎಲ್ಲ ಹೇಳಿದೆ. ನಮ್ಮ ಕಾಯಂ ವಾಸದ ಅರ್ಜಿ ಆಗಿನ್ನೂ ಕಚೇರಿಯಲ್ಲಿತ್ತು.

"ಪೊಲೀಸ್ ಕಂಪ್ಲೇಂಟ್ ಆದ್ರ ಅರ್ಜಿ ಕತಿ ಮುಗೀತು. ಸುಮ್ನಿರು. ಮಳಿ ಬರ್ತದ, ತೊಳದು ಹೋಗ್ತದ."

"ಆ ಅಜ್ಜಿ ಬರಲ್ಲ ಅಂದ್ಬಿಟ್ರಂತೆ ಕಣ್ರೀ. ಯಾರೋ ದ್ವೇಷಕ್ಕೆ ಮಾಡಿದಾರೆ ಅಂದ್ಕೊಂಡೇ ಇದ್ದುಬಿಡ್ತಾರೆ."

ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಅನಘಾ ತಲೆಯೆತ್ತದೆ, "ಮಮ್ಮಾ, ಸೇಗ್ ಬಾರಾ" ಎಂದಳು. ಹೇಳಿಬಿಡು, ಅಷ್ಟೇ. ಈ ಮಕ್ಕಳಿಗೆ ಸತ್ಯ ಹೇಳುವುದು ಇಷ್ಟು ಸಲೀಸಾಗಿ ಇಲ್ಲಿಯ ಶಿಶುವಿಹಾರ, ಯಾವ ದಾಗಿಸ್‌ನಲ್ಲಿ ಕಲಿಸಿದರೋ. ನಾನು ಹೋದದ್ದು ಅಂಗನವಾಡಿ. ಅಲ್ಲಿ ಉಪ್ಪಿಟ್ಟು ಕೊಡುತ್ತಿದ್ದರು.

ಮರುದಿನ ಸಂಜೆ ಲೆನ್ನಾರ್ಟ್ ಮನೆಗೆ ಹೋದೆವು. ನಾನು, ಭಾಷೆಗೆ ಮಗಳು, ಸಾಕ್ಷಿಗೆ ಒಂದು ಡಬ್ಬಿ ಅರಿಶಿನ. ನಮ್ಮವರು ಬಾಗಿಲಲ್ಲೇ ಉಳಿದರು, ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ನಾನು ದುರ್ಗದಿಂದ ಶುರುಮಾಡಿದೆ. ಅಜ್ಜಿ, ಪುಟ್ಟಜ್ಜಿ, ಶುಕ್ರವಾರ, ಲಕ್ಷ್ಮಿ, ಬೋಳು ಬಾಗಿಲು, ಕಬ್ಬಿಣದ ಪಟ್ಟಿ, ಎಲ್ಲ ಹೇಳಿದೆ. ಹತ್ತು ನಿಮಿಷವಾದರೂ ಆಗಿರಬೇಕು. ಅನಘಾ ಅದನ್ನು ಸ್ವೀಡಿಶ್‌ಗೆ ತಿರುಗಿಸಿ ಒಂದೇ ಉಸಿರಿನಲ್ಲಿ ಮುಗಿಸಿದಳು.

"ಅಷ್ಟೇ ಏನೇ?"

"ಸಾಕಮ್ಮ. ಹಿ ಗೆಟ್ಸ್ ಇಟ್."

ಅವರಿಗೆ ಅರ್ಥವಾದಂತೆ ನನಗೇನೂ ಕಾಣಲಿಲ್ಲ. ಬಿಳಿ ಕಾಗದದ ಮೇಲೆ ಅರಿಶಿನ ಬಳಿದು, ಅವರದೇ ಸಾಬೂನಿನ ಎರಡು ಹನಿ ಹಾಕಿದೆ. ಕೆಂಪಾಯಿತು. ಲೆನ್ನಾರ್ಟ್ ಕನ್ನಡಕ ತೆಗೆದರು, ಹಾಕಿದರು. ಇನ್ನೊಂದು ಕಾಗದ ತಂದು ತಾವೇ ಮಾಡಿ ನೋಡಿದರು. ಮೂರನೆಯದೂ ಮಾಡಿದರು. ಕೊನೆಗೆ "ಯಾಹಾ" ಎಂದರು. ಸ್ವೀಡಿಶ್‌ನಲ್ಲಿ ಇದಕ್ಕೆ ಇಪ್ಪತ್ತು ಅರ್ಥಗಳಿವೆ. ಅವತ್ತಿನದು ಯಾವುದೆಂದು ಇಂದಿಗೂ ಬಿಡಿಸಲಾಗಿಲ್ಲ. ದೂರು ಇನ್ನೂ ಕೊಟ್ಟಿರಲಿಲ್ಲ, ಕೊಡುವುದಿಲ್ಲ ಎಂದರು. ಕಟ್ಟಡದವರಿಗೆಲ್ಲ ತಾವೇ ಹೇಳುವುದಾಗಿ ತಿಳಿಸಿದರು. ಆಮೇಲೆ ಒಂದು ಚೀಟಿಯಲ್ಲಿ ಫೋನ್ ನಂಬರು ಬರೆದು ನನ್ನ ಕಡೆ ಸರಿಸಿದರು. "ರೂತ್‌ಗೆ ಮಾತ್ರ ನೀನೇ ಹೇಳಬೇಕು."

ಕಿಟಕಿಯ ಗೂಡಿನಲ್ಲಿ ಕೂತು ಫೋನು ಮಾಡಿದೆ. ಮಗಳನ್ನು ಕರೆಯಲಿಲ್ಲ, ಇದನ್ನು ಅವಳ ಬಾಯಿಂದ ಹೇಳಿಸಬಾರದು ಅನಿಸಿತು. ನನ್ನ ಹರಕು ಸ್ವೀಡಿಶ್‌ನಲ್ಲಿ ಅರಿಶಿನ ನಾನು, ಕೆಂಪು ನಾನು, ದ್ವೇಷ ಇಲ್ಲ, ದಡ್ಡತನ ಎಂದು ಹೇಗೋ ಒಪ್ಪಿಸಿದೆ.

"ಯಾಕೆ ಹಚ್ಚಿದೆ?" ಎಂದರು ರೂತ್.

"ನಮ್ಮಲ್ಲಿ ಬಾಗಿಲು ಖಾಲಿ ಬಿಡಬಾರದು ಅಂತಾರೆ. ಒಳ್ಳೇದಾಗಲಿ ಅಂತ."

ನಿಮಗೊಂದು ಮಾತು ಹೇಳಬೇಕು. ಇಷ್ಟು ಕೇಳಿದ ಮೇಲೆ ಆಕೆ ಕರಗುತ್ತಾರೆ, ಎಲ್ಲರ ದೇವರೂ ಒಂದೇ ಮಗಳೇ ಅನ್ನುತ್ತಾರೆ, ನಾನು ಅಳುತ್ತೇನೆ, ಹೀಗೆಲ್ಲ ನಾನು ಲೆಕ್ಕ ಹಾಕಿದ್ದೆ. ಅಳಲು ಸಿದ್ಧಳಾಗಿಯೂ ಇದ್ದೆ.

"ನನಗೆ ಅದು ಖಾಲಿಯೇ ಬೇಕು" ಎಂದರು ರೂತ್. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿ ಏನಿತ್ತೋ ಅದು ಹೋಯಿತು. ಯಾರೆಲ್ಲ ಮುಟ್ಟುತ್ತಿದ್ದರೋ ಅವರೂ ಹೋದರು. ಅದು ಖಾಲಿ ಇದೆ ಅಂತ ನೋಡೋಕೇ ನಾನು ಬರೋದು. ಬೇರೆ ಯಾರಾದರೂ ಅದನ್ನು ತುಂಬಿಸಿದರೆ ನಾನು ಯಾಕೆ ಬರಲಿ?"

ಖಾಲಿ ಎನ್ನುವುದನ್ನು ಕಾಪಾಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಬಣ್ಣ ಹೋದಮೇಲೆ ತಿಳಿಸು, ಬರುತ್ತೇನೆ" ಎಂದರು. "ನನಗೆ ಎಂಬತ್ನಾಲ್ಕು. ತುಂಬ ತಡ ಮಾಡಬೇಡ" ಎಂದು ಸೇರಿಸಿದರು.

ಬಣ್ಣ ತೆಗೆಯುವುದು ಹೇಗೆ? ಲೆನ್ನಾರ್ಟ್ ಹಳೇ ಕಲ್ಲು ಬಲ್ಲ ಒಬ್ಬ ತಜ್ಞೆಯನ್ನು ಕರೆಸಿದರು. ಆಕೆ ಭೂತಗನ್ನಡಿ ಹಿಡಿದು ನೋಡಿ, ಇನ್ನು ಉಜ್ಜಿದರೆ ಗೂಡಿನ ಅಂಚೇ ಸವೆಯುತ್ತದೆ ಎಂದರು. ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಯಾಗುತ್ತದಲ್ಲ ಎಂದು ನಮ್ಮವರು ಕೇಳಿದಾಗ ಆಕೆ, ಹುಳಿ ಸುಣ್ಣಕಲ್ಲನ್ನು ತಿನ್ನುತ್ತದೆ, ದಯವಿಟ್ಟು ನೀವು ಯಾರೂ ಅಡುಗೆಮನೆಯಿಂದ ಏನನ್ನೂ ತರಬೇಡಿ ಎಂದು ಕೈ ಮುಗಿಯುವಂತೆ ಬೇಡಿಕೊಂಡರು.

ಆಗ ನನಗೆ ದುರ್ಗದ ತಾರಸಿ ನೆನಪಾಯಿತು. ಒಮ್ಮೆ ಆರತಿ ನೀರಿನ ತಟ್ಟೆಯನ್ನು ನನ್ನ ಬಿಳೀ ಯೂನಿಫಾರಂ ಮೇಲೆ ಚೆಲ್ಲಿಕೊಂಡು ಊರು ಕೇಳುವಂತೆ ಅತ್ತಿದ್ದೆ. ಅಜ್ಜಿ ಬೈಯಲಿಲ್ಲ. ಒಗೆದು ತಾರಸಿಯ ಮೇಲೆ ಹರವಿ ನಾಲ್ಕು ಕಲ್ಲು ಹೇರಿದರು. "ಅರಿಶಿನಕ್ಕೆ ಅಗಸ ಅಂದ್ರೆ ಸೂರ್ಯ ಒಬ್ಬನೇ ಕಣೇ" ಎಂದಿದ್ದರು. ಸಂಜೆಗೆ ಅಂಗಿ ಬೆಳ್ಳಗಾಗಿತ್ತು. ತಜ್ಞೆಯನ್ನು ಕೇಳಿದೆ, ಬಿಸಿಲು ಬೀಳಬಹುದೇ? ಬಿಸಿಲಿಗೆ ನನ್ನ ಅಭ್ಯಂತರವಿಲ್ಲ ಎಂದರು.

ಬಿಸಿಲು ಎಲ್ಲಿಂದ ತರುವುದು? ಚಿತ್ರದುರ್ಗದ ಬಿಸಿಲನ್ನು ಬಾಲ್ಯವೆಲ್ಲ ಶಪಿಸಿದ ಬಾಯಿ ಇದು. ನಮ್ಮ ಅಂಗಳಕ್ಕೆ ಅಕ್ಟೋಬರಿನಿಂದ ಏಪ್ರಿಲ್ ತನಕ ಸೂರ್ಯ ಇಳಿಯುವುದೇ ಇಲ್ಲ. ಬಾಗಿಲ ತನಕ ಬರುವುದು ಜೂನಿನಲ್ಲಿ, ಅದೂ ಮಧ್ಯಾಹ್ನ ಕಾಲು ಗಂಟೆ. ಇಡೀ ಚಳಿಗಾಲ ಆ ಕೆಂಪು ಹಾಗೇ ಇತ್ತು. ನಾನು ಶುಕ್ರವಾರದ ಅರಿಶಿನವನ್ನು ಒಳಗೆ ತಂದುಕೊಂಡೆ. ಬಾಗಿಲ ಒಳಮಗ್ಗುಲಿಗೆ ನಮ್ಮವರು ಒಂದು ಪೈನ್ ಹಲಗೆ ಕೂರಿಸಿಕೊಟ್ಟರು, ಅದೇ ನನ್ನ ಹೊಸ್ತಿಲಾಯಿತು. ಹೊರಗಿನಿಂದ ಬರುವಾಗಲೆಲ್ಲ ಕಣ್ಣು ಬಲಗಡೆಗೇ ಹೋಗುತ್ತಿತ್ತು. ಬೇರೆಯವರ ಬಾಗಿಲನ್ನು ಹಾಳುಮಾಡಿ ನನ್ನದಕ್ಕೆ ಸಿಂಗಾರ ಮಾಡುತ್ತಿದ್ದೇನಲ್ಲ ಅನಿಸುತ್ತಿತ್ತು. ಮಾಡದಿದ್ದರೆ ಪುಟ್ಟಜ್ಜಿಯ ಮುಖ ಕಣ್ಣಿಗೆ ಕಟ್ಟುತ್ತಿತ್ತು.

ಜನವರಿಯಲ್ಲಿ ರೂತ್ ಅವರೇ ಫೋನು ಮಾಡಿದರು. ಬಣ್ಣ ಹೋಯಿತೇ? ಇಲ್ಲ. ಸರಿ. ಫೋನು ಇಟ್ಟರು. ಮಾರ್ಚಿನಲ್ಲಿ ಫೋನು ಬರಲಿಲ್ಲ. ಲೆನ್ನಾರ್ಟ್ ವಿಚಾರಿಸಿ, ಆಕೆ ಬಿದ್ದು ಸೊಂಟದ ಕೀಲು ಮುರಿದಿದೆ, ಆಪರೇಶನ್ ಆಗಿದೆ ಎಂದು ಹೇಳಿದರು. ಅವತ್ತು ನಾನು ಕಂಬದೆದುರು ನಿಂತು ಪ್ರಾರ್ಥನೆ ಮಾಡಿದೆ. ಯಾರಿಗೆ ಎಂದು ಕೇಳಬೇಡಿ. ನನ್ನ ದೇವರಿಗೆ ಮಾಡಿದರೆ ಮತ್ತೆ ಅತಿಕ್ರಮಣವಾದೀತು, ಅವರ ದೇವರಿಗೆ ನನ್ನ ಪರಿಚಯವಿಲ್ಲ. ಸೂರ್ಯನಿಗೆ ಮಾಡಿದೆ, ಅವನೂ ಊರಲ್ಲಿರಲಿಲ್ಲ.

ಮೇ ತಿಂಗಳಲ್ಲಿ ಎದುರಿನ ಗೋಡೆಯ ಮೂರನೇ ಮಹಡಿಯ ತನಕ ಬಿಸಿಲು ಇಳಿಯಿತು. ನಮ್ಮವರಿಗೆ ತಡೆಯಲಾಗಲಿಲ್ಲ. ಒಂದು ಶನಿವಾರ ನಮ್ಮ ಸ್ಟೀಲಿನ ಹರಿವಾಣವನ್ನು ಹಿಡಿದು, ಎದುರುಮನೆಯ ಮೆಟ್ಟಿಲಿನ ಕಿಟಕಿಯಲ್ಲಿ ಕೂತು, ಬೆಳಕನ್ನು ಕಂಬಕ್ಕೆ ತಿರುಗಿಸತೊಡಗಿದರು. "ಎಡಕ್ಕ ಬಂತೇನ? ಹೇಳು, ಬಲಕ್ಕ ತರ್ಲಿ?" ಎಂದು ಅಂಗಳ ತುಂಬ ಹುಬ್ಬಳ್ಳಿ. ಲೆನ್ನಾರ್ಟ್ ನೋಡುತ್ತ ನಿಂತವರು ಒಳಗೆ ಹೋಗಿ ತಮ್ಮ ದೋಣಿಯ ಕನ್ನಡಿ ತಂದರು. ಬನ್ನು ಕೊಟ್ಟ ಹೆಂಗಸು ತನ್ನ ಬಚ್ಚಲಿನ ಕನ್ನಡಿಯನ್ನೇ ಬಿಚ್ಚಿ ತಂದಳು. ನನ್ನನ್ನು ಕ್ಷಮಿಸಿದ್ದಳೋ ಇಲ್ಲವೋ ತಿಳಿಯದು, ಎಂಟು ತಿಂಗಳಿಂದ ಬರೀ ತಲೆಯಾಡಿಸುತ್ತಿದ್ದಳು. ಬಿಸಿಲಿದ್ದ ದಿನವೆಲ್ಲ ಯಾರಾದರೊಬ್ಬರು ಕನ್ನಡಿ ಹಿಡಿದು ಕೂರುತ್ತಿದ್ದರು. ಕೆಂಪು ಕಂದಾಯಿತು, ಕಂದು ಗಂಧದ ಬಣ್ಣವಾಯಿತು. ಜೂನಿನಲ್ಲಿ ಸೂರ್ಯ ತಾನೇ ಬಂದು ಉಳಿದದ್ದನ್ನು ತೆಗೆದ.

ಫೋನು ಮಾಡಿದೆ. ರೂತ್ ಶುಕ್ರವಾರ ಮಧ್ಯಾಹ್ನ ಬರುತ್ತೇನೆಂದರು. ನನಗೆ ಶುಕ್ರವಾರ ಬೇಡ ಎನ್ನಲು ಬಾಯಿ ಬರಲಿಲ್ಲ.

ಚಕ್ರದ ಊರುಗೋಲು ತಳ್ಳುತ್ತ ಬಂದರು. ನಾನು ಎಣಿಸಿದ್ದಕ್ಕಿಂತ ಕುಳ್ಳು. ಯಾರಿಗೂ ನಮಸ್ಕಾರ ಹೇಳದೆ ಸೀದಾ ಕಂಬದ ಬಳಿ ನಿಂತರು. ಗೂಡಿನ ಅಂಚನ್ನು ಬೆರಳಿನಿಂದ ಸವರಿ, ಒಳಗೆ ಬೆರಳಿಟ್ಟು, ಆ ಬೆರಳನ್ನು ತುಟಿಗೆ ತಂದುಕೊಂಡರು. ಆಮೇಲೆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಅದರಲ್ಲಿ ಏನೂ ಇರಲಿಲ್ಲ. "ಹೂಂ" ಎಂದರು. ಲೆನ್ನಾರ್ಟ್ ಮುಖ ತಿರುಗಿಸಿ ಮೂಗು ಒರೆಸಿಕೊಂಡರು.

"ಕಾಫಿ ಇದೆಯೇ?" ಎಂದರು ರೂತ್.

ಆಗ ನನಗೆ ಎಚ್ಚರವಾದದ್ದು. ಒಳಗಿನ ಹಲಗೆಯ ಮೇಲೆ ಬೆಳಿಗ್ಗೆಯ ಅರಿಶಿನ ಇನ್ನೂ ಹಸಿ, ಅದರ ಮೇಲೆ ಎಳೆದ ರಂಗೋಲಿಯ ಗೆರೆ. ಈಕೆಗೆ ಹೊಸ ಕೀಲು. ಕಾಲಿಟ್ಟು ಜಾರಿದರೆ? ಅಥವಾ ಅದನ್ನು ಕಂಡು, ಮತ್ತೆ ಶುರುವಾಯಿತೇ ಎಂದುಕೊಂಡರೆ? ಸೆರಗು ಇಲ್ಲದ ಪ್ಯಾಂಟಿನಲ್ಲಿ ಸೆರಗು ಹುಡುಕಿ, ಕೊನೆಗೆ ಅಂಗೈಯಿಂದಲೇ ಒರೆಸಲು ಬಗ್ಗಿದೆ.

"ಬಿಡು" ಎಂದರು.

ಊರುಗೋಲನ್ನು ಪಕ್ಕಕ್ಕೆ ನಿಲ್ಲಿಸಿದರು. ಎಡಗೈಯಲ್ಲಿ ನನ್ನ ಭುಜ, ಬಲಗೈಯಲ್ಲಿ ಕಲ್ಲುಕಂಬ ಹಿಡಿದರು. ಮೊದಲು ಒಳ್ಳೆಯ ಕಾಲನ್ನು, ಆಮೇಲೆ ಆಪರೇಶನ್ ಆದ ಕಾಲನ್ನು, ನೋವಿಗೆ ಹಲ್ಲು ಕಚ್ಚಿ, ಎತ್ತರಕ್ಕೆ, ಬೇಕಾದ್ದಕ್ಕಿಂತ ಎಷ್ಟೋ ಎತ್ತರಕ್ಕೆ ಎತ್ತಿ ಹಲಗೆಯನ್ನು ದಾಟಿ ಒಳಗಿಟ್ಟರು. ಗೆರೆ ಒಂದು ಕಡೆಯೂ ಅಳಿಸಲಿಲ್ಲ.

ಅದು ಮರ್ಯಾದೆಗೋ, ಬೂಟಿಗೆ ಬಣ್ಣ ಹತ್ತೀತೆಂಬ ಹೆದರಿಕೆಗೋ, ಹೊಸ ಕಾಲನ್ನು ಹಾಗೆ ಎತ್ತಿಡಬೇಕೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದಕ್ಕೋ, ಕೇಳಲು ಧೈರ್ಯ ಬರಲಿಲ್ಲ. ಕೋಡುಬಳೆ ಕೊಟ್ಟೆ. ಹಲ್ಲಿಗೆ ಗಟ್ಟಿ ಎಂದು ಕಾಫಿಯಲ್ಲಿ ಅದ್ದಿ ಮೂರು ತಿಂದರು. ಹೊರಡುವಾಗ ಮತ್ತೆ ಅದೇ ಕಂಬ, ಅದೇ ಭುಜ, ಕಾಲು ಅಷ್ಟೇ ಎತ್ತರಕ್ಕೆ. ಈ ಸಲ ಕೆಳಗೆ ನೋಡಲೂ ಇಲ್ಲ.